ತಿಗರಿಯಿಂದ ಆವಿಗೆಯವರೆಗೆ: ಒಣಗಾಳಿಯ ಊರಿನಲ್ಲಿ ಹದ ಕಾಯುವ ಕೆಲಸ

ಕೊಪ್ಪಳ ಕಡೆ ಏಪ್ರಿಲ್ ತಿಂಗಳಲ್ಲಿ ಕುಂಬಾರರ ಚಕ್ರವಾದ ತಿಗರಿಯಿಂದ ಇಳಿಸಿದ ಮಣ್ಣಿನ ಮಗಿಯ ಬಾಯಿ ಮುಕ್ಕಾಲು ತಾಸಿನೊಳಗೆ ಬಿಳುಚಿಕೊಳ್ಳುತ್ತದೆ. ಅದೇ ಹೊತ್ತಿಗೆ ಬುಡ ಮುಟ್ಟಿದರೆ ಬೆರಳು ಇಳಿಯುವಷ್ಟು ಹಸಿ. ಬಾಯಿ ಕುಗ್ಗಿ ಮುಗಿಸಿದೆ, ಬುಡ ಇನ್ನು ಕುಗ್ಗಬೇಕು; ಬಿರುಕು ಹುಟ್ಟುವುದು ಇವೆರಡರ ಜಗ್ಗಾಟದಲ್ಲಿ. ‘ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಹೆರೆಯಿರಿ’ ಎಂಬ ತರಬೇತಿಯ ಲೆಕ್ಕ ತಂಪು ಊರಿನದು. ಇಲ್ಲಿ ನಾನು ಗಡಿಯಾರ ನೋಡುವುದನ್ನೇ ಬಿಟ್ಟಿದ್ದೇನೆ. ಗೆರೆಗೆ ಒಂದು ಹಸಿ, ಮೇಲೆ ಬಳಿಯುವ ಮಣ್ಣಿನ ಲೇಪಕ್ಕೆ ಒಂದು, ಹೊಳಪಿಗೆ ಇನ್ನೊಂದು. ಆ ಹದ ಬಂದ ಹೊತ್ತಿನಲ್ಲಿ ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ಮೊದಲು ಮಣ್ಣಿನ ಮಾತು. ಈ ಭಾಗದಲ್ಲಿ ಕಪ್ಪು ಎರೆಯೂ ಉಂಟು, ಕೆಂಪು ಮಸಾರಿಯೂ ಉಂಟು. ಒಂಟಿಯಾಗಿ ಎರಡೂ ತಿಗರಿಗೆ ಒಗ್ಗುವುದಿಲ್ಲ. ಎರೆ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಮಣ್ಣು ಗಡಿಗೆಯಾದ ಮೇಲೂ ತನ್ನ ಗುಣ ಬಿಡುವುದಿಲ್ಲ. ಮಸಾರಿಗೆ ಜಿಗುಟು ಸಾಲದು, ಗೋಡೆ ಎತ್ತುವಾಗ ಅಂಚು ಹರಿಯುತ್ತದೆ. ಕೆರೆಯಂಗಳದ ಗೋಡು, ಅಂದರೆ ಹೂಳು, ನನ್ನ ಮೂಲ ಮಣ್ಣು. ಒಣ ಅಳತೆಯಲ್ಲಿ ಗೋಡು 6 ಪಾಲು, ಜರಡಿ ಹಿಡಿದ ಮಸಾರಿ 3, ನುಣ್ಣನೆಯ ಹೊಳೆ ಉಸುಕು 1. ಪ್ರತಿ ಹೊಸ ಗಾಡಿ ಮಣ್ಣಿಗೂ ಒಂದು ಅಳತೆಪಟ್ಟಿ ತಟ್ಟುತ್ತೇನೆ: 14 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪ, ಮೇಲೆ ಸರಿಯಾಗಿ 10 ಸೆಂ.ಮೀ.ನ ಗೆರೆ. ಪೂರಾ ಒಣಗಿದ ಮೇಲೆ ಗೆರೆ 9.3 ಬಂದರೆ ಶೇ 7 ಕುಗ್ಗಿದಂತಾಯಿತು, ಕೆಲಸಕ್ಕೆ ಬರುತ್ತದೆ. 9ಕ್ಕಿಂತ ಕೆಳಗಿಳಿದರೆ ಗೋಡಿನಲ್ಲಿ ಎರೆ ಹೆಚ್ಚು ಸೇರಿದೆ ಎಂದೇ ಲೆಕ್ಕ. ಅರ್ಧ ಪಾಲು ಉಸುಕು ಏರಿಸಿ ಮತ್ತೆ ಪಟ್ಟಿ ತಟ್ಟಬೇಕು. ಉಸುಕು 2 ಪಾಲು ದಾಟಿತೋ, ಅಂಗೈ ಸುಲಿಯುತ್ತದೆ, ಗೋಡೆಯೂ ಏಳುವುದಿಲ್ಲ.

ಇಲ್ಲಿಯ ಮಣ್ಣಿಗೆ ಎರಡು ಕಾಯಿಲೆ. ಒಂದು ಸುಣ್ಣದ ಹರಳು. ಜೋಳದ ಕಾಳಿನಷ್ಟಿದ್ದರೂ ಸಾಕು, ಮಡಿಕೆ ಸುಡುವ ಆವಿಗೆಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ಹೊರಗೆ ಬಂದ ಮೇಲೆ ಗಾಳಿಯ ತೇವ ಹೀರಿ ಅರಳುತ್ತದೆ. ವಾರವೋ ತಿಂಗಳೋ ಕಳೆದು ಗೋಡೆಯಿಂದ ನಾಣ್ಯದಷ್ಟು ಚಕ್ಕೆ ಹಾರುತ್ತದೆ. ಕುಳಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಇದೇ ಕಾರಣ. ಒಣ ಮಣ್ಣಿನ ಮೇಲೆ ನಿಂಬೆರಸ ಹನಿಸಿ ನೋಡಿ, ನೊರೆ ಎದ್ದರೆ ಸುಣ್ಣ ಇದೆ. ಮಣ್ಣನ್ನು ಅಂಬಲಿಯಂತೆ ಕಲಸಿ 60ರ ಜಾಲರಿಯಲ್ಲಿ (ಅಂಗುಲಕ್ಕೆ 60 ಕಣ್ಣು) ಸೋಸುವುದೊಂದೇ ನಂಬುವಂಥ ದಾರಿ. ಸೋಸಿದ ಮೇಲೂ ಧೂಳಿನಂಥ ಸುಣ್ಣ ಉಳಿಯುತ್ತದೆ, ಆದರೆ ಅದಕ್ಕೆ ಚಕ್ಕೆ ಎಬ್ಬಿಸುವ ಬಲವಿಲ್ಲ.

ಇನ್ನೊಂದು ಸವುಳು, ಅಂದರೆ ಮಣ್ಣಿನೊಳಗಿನ ಉಪ್ಪು. ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರಿನ ಕೆಳಗೆ ಸವುಳು ಹಿಡಿದ ಭೂಮಿಯ ಮಣ್ಣು ನೋಡಲು ಎಷ್ಟೇ ನುಣುಪಾಗಿರಲಿ, ನಾನು ತರುವುದಿಲ್ಲ. ಪಾತ್ರೆ ಒಣಗುವಾಗ ನೀರಿನ ಜೊತೆ ಉಪ್ಪೂ ಮೇಲಕ್ಕೆ ಬಂದು ಬಾಯಿ ಮತ್ತು ಹೊಟ್ಟೆಯ ಉಬ್ಬಿನ ಮೇಲೆ ಕೂರುತ್ತದೆ. ಅದರ ಮೇಲೆ ಬಳಿದ ಕೆಂಪು ಲೇಪ ಸುಟ್ಟ ಮೇಲೆ ಬೂದು ಬೂದಾಗಿ ಕಾಣುತ್ತದೆ, ಉಗುರು ತಾಗಿದರೆ ಉದುರುತ್ತದೆ. ಮಣ್ಣಿನ ಉಂಡೆಯೊಂದನ್ನು ಒದ್ದೆ ಮಾಡಿ ನೆರಳಲ್ಲಿ ಒಣಗಿಸಿ, ಮೇಲೆ ಬಿಳಿ ಹೂವು ಬಂದರೆ ಆ ಗುಂಡಿ ಬಿಟ್ಟುಬಿಡಿ. ಉಪ್ಪು ಜರಡಿಗೆ ಸಿಗುವ ವಸ್ತುವಲ್ಲ.

ನೆನೆ ಹಾಕುವ ಮುಂಚೆ ಮಣ್ಣು ಖಡಕ್ಕಾಗಿ ಒಣಗಿರಬೇಕು. ಒಣ ಹೆಂಟೆ ನೀರಿಗೆ ಬಿದ್ದೊಡನೆ ತಾನೇ ಪುಡಿಯಾಗಿ ಕುಸಿಯುತ್ತದೆ. ಅರೆಹಸಿ ಹೆಂಟೆ ವಾರವಾದರೂ ನಡುವೆ ಗಂಟು ಉಳಿಸಿಕೊಳ್ಳುತ್ತದೆ. ಎರಡು ದಿನ ನೆನೆಸಿ, ಕಲಕಿ, ಸೋಸಿ, ಹಳೆ ಕಾಟನ್ ಸೀರೆಯ ಮೇಲೆ ಸುರಿದು ನೀರು ಇಳಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಡಿಮೆಯೆಂದರೆ ಹದಿನೈದು ದಿನ ಕಟ್ಟಿಡುತ್ತೇನೆ. ತಿಗರಿಗೆ ಏರಿಸುವ ಮುನ್ನ 60-70 ಸಲ ನಾದಿ, ದಾರದಿಂದ ಸೀಳಿ ನೋಡಬೇಕು. ಸೀಳಿದ ಮುಖದಲ್ಲಿ ಸಾಸಿವೆಯಷ್ಟು ತೂತು ಕಂಡರೂ ಮತ್ತೆ ನಾದಬೇಕು.

ತೂಕ ಮಾಡದೆ ಮಣ್ಣು ಏರಿಸುವುದಿಲ್ಲ. ಕುಡಿಯುವ ಲೋಟಕ್ಕೆ 350 ಗ್ರಾಂ, ಒಂದು ಲೀಟರಿನ ಹೂಜಿಗೆ 1 ಕಿಲೋ, 20 ಸೆಂ.ಮೀ. ಅಗಲದ ಬೋಗುಣಿಗೆ 1.2 ಕಿಲೋ. ಪಣತಿಗೆ ಬಿಡಿಬಿಡಿ ಉಂಡೆ ಬೇಡ. 4 ಕಿಲೋ ಗುಪ್ಪೆ ಏರಿಸಿ ತುದಿಯಿಂದ 70-80 ಗ್ರಾಂನಷ್ಟು ಹಿಡಿದು ಒಂದರ ಹಿಂದೆ ಒಂದು ತೆಗೆಯಬಹುದು. ನನ್ನದು ಮೋಟರ್ ತಿಗರಿ. ಮಣ್ಣನ್ನು ನಡುವಿಗೆ ತರುವಾಗ ನಿಮಿಷಕ್ಕೆ 200 ಸುತ್ತು, ಬಾಯಿ ತೆರೆಯುವಾಗ 120, ಗೋಡೆ ಎತ್ತುವಾಗ 80, ಕೊನೆಯ ಆಕಾರಕ್ಕೆ 50. ಕೋಲಿನಿಂದ ತಿರುಗಿಸುವ ಹಳೆ ತಿಗರಿಯಲ್ಲಿ ಈ ಲೆಕ್ಕ ತಾನಾಗಿಯೇ ಆಗುತ್ತಿತ್ತು: ಮೊದಲು ಜೋರು, ಬರಬರುತ್ತ ಮೆಲ್ಲಗೆ. ಮೋಟರಿನಲ್ಲಿ ಕೂತವರು ವೇಗ ಇಳಿಸುವುದನ್ನು ಮರೆಯುತ್ತಾರೆ, ಪಾತ್ರೆಯ ಬಾಯಿ ತೊಟ್ಟಿಯಂತೆ ಅಗಲವಾಗಿಬಿಡುತ್ತದೆ.

ಮಣ್ಣನ್ನು ಮೂರು ಸಲ ಗೋಪುರದಂತೆ ಎತ್ತಿ ಇಳಿಸಿ, ನಡುವಿಗೆ ನಿಂತ ಮೇಲೆ ಹೆಬ್ಬೆರಳು ಇಳಿಸುತ್ತೇನೆ. ತಳದಲ್ಲಿ 7 ಮಿ.ಮೀ. ಬಿಡಬೇಕು, ಸೂಜಿ ಚುಚ್ಚಿ ಅಳೆದರೆ ಊಹೆಯ ಮಾತೇ ಇಲ್ಲ. ಆಮೇಲಿನ ಕೆಲಸವನ್ನೇ ಬಹಳ ಜನ ಹಾರಿಸುವುದು: ಅಂಚಿನಿಂದ ನಡುವಿಗೆ ಬೆರಳು ಒತ್ತುತ್ತ ತಳವನ್ನು ಮೂರು ಸಲ ಬಿಗಿ ಮಾಡಬೇಕು. ಗೋಡೆಯ ಮಣ್ಣು ಎತ್ತುವಾಗ ಒತ್ತು ಬಿದ್ದು ಬಿಗಿಯಾಗಿರುತ್ತದೆ, ತಳದ ಮಣ್ಣಿಗೆ ಆ ಒತ್ತು ಸಿಕ್ಕಿರುವುದಿಲ್ಲ. ಅದು ಹೆಚ್ಚು ಕುಗ್ಗಿ, ತಳದ ನಡುವೆ ಹಾವು ಹೊರಳಿದಂತೆ ಬಿರುಕು ಬಿಡುತ್ತದೆ. ಒಳಗೆ ನೀರು ನಿಲ್ಲಲು ಬಿಟ್ಟರಂತೂ ಬಿರುಕು ಖಾತ್ರಿ. ಗೋಡೆಯನ್ನು ಪ್ರತಿ ಸಲ ಎತ್ತಿದ ನಂತರ ಸ್ಪಂಜಿನಿಂದ ನೀರು ಹೀರಬೇಕು. ಗುಪ್ಪೆಯಿಂದ ತೆಗೆದ ಪಣತಿಗಳಲ್ಲಿ ಈ ಬಿರುಕು ಹೆಚ್ಚು, ಯಾಕೆಂದರೆ ಅವುಗಳ ತಳದಡಿ ಒತ್ತು ಕೊಡಲು ಗಟ್ಟಿ ಹಲಗೆ ಇರುವುದಿಲ್ಲ.

ಗೋಡೆ ಮೂರು ಸಲ ಎತ್ತುವುದರಲ್ಲಿ ಮುಗಿಯಬೇಕು. ಐದಾರು ಸಲ ಎಳೆದಾಡಿದರೆ ಮಣ್ಣು ನೀರು ಕುಡಿದು ಸೋಲುತ್ತದೆ. ಕುತ್ತಿಗೆ ಕಿರಿದು ಮಾಡುವಾಗ ಓರೆ ಸುಕ್ಕು ಎದ್ದರೆ ಗೋಡೆ ತೆಳುವಾಗಿದೆ, ಇಲ್ಲವೇ ಕೈ ಒಣಗಿದೆ.

ನೀರಿನ ಹರವಿಯಂಥ ದೊಡ್ಡದನ್ನು ತಿಗರಿಯಲ್ಲೇ ಪೂರ್ತಿ ಮಾಡಲು ಹೋಗುವುದಿಲ್ಲ. ಬಾಯಿ, ಕುತ್ತಿಗೆ ಮಾತ್ರ ತಿಗರಿಯಲ್ಲಿ ಮುಗಿಸಿ, ಹೊಟ್ಟೆಯನ್ನು 12-15 ಮಿ.ಮೀ. ದಪ್ಪ ಬಿಟ್ಟು, ತೊಗಲಿನಂತೆ ಅರೆ ಒಣಗಿದ ‘ತೊಗಲಿನ ಹದ’ಕ್ಕೆ ಬಂದ ಮೇಲೆ ಒಳಗೆ ಗುಂಡುಕಲ್ಲು, ಹೊರಗೆ ಮರದ ಹಲಗೆ ಹಿಡಿದು ತಟ್ಟಿ ಹಿಗ್ಗಿಸುವುದು ಕುಂಬಾರರ ಹಳೆಯ ಪದ್ಧತಿ. ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಕಲ್ಲು ಅಂಟದಂತೆ ಬೂದಿ ಸವರಿಕೊಳ್ಳಬೇಕು, ತಟ್ಟುವುದು ಬುಡದ ಕಡೆಗೆ ಸುತ್ತು ಸುತ್ತಾಗಿ ಹೋಗಬೇಕು. ಒಂದೇ ಕಡೆ ಹತ್ತು ಏಟು ಹಾಕಿದರೆ ಅಲ್ಲಿ ತೆಳುವಾಗಿ ಮುಂದೆ ನೀರು ಜಿನುಗುತ್ತದೆ.

ಇಳಿಸಿದ ಪಾತ್ರೆಯ ಬಾಯಿಗೆ ಎರಡು ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತೇನೆ. ಬಾಯಿ ತನ್ನ ಭಾರ ತಾಳುವಂತಾದೊಡನೆ ಬೋರಲು ಹಾಕಿ, ಬುಡಕ್ಕೆ ಗಾಳಿ, ಬಾಯಿಗೆ ಮುಚ್ಚಿಗೆ. ಫ್ಯಾನ್ ಗಾಳಿ ಬೇಡವೇ ಬೇಡ, ಒಂದೇ ಮಗ್ಗುಲು ಒಣಗಿ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಇನ್ನು ಅಲಂಕಾರ. ತಿಗರಿಯ ಮೇಲೆ ಹಸಿಯಿರುವಾಗಲೇ ಆಗಬೇಕಾದದ್ದು ಬಾಚಣಿಕೆ ಗೆರೆ. ಮುರಿದ ಬಾಚಣಿಕೆಯ ಐದು ಹಲ್ಲಿನ ತುಂಡು ಸಾಕು. ಮೊದಲು ಮೈ ಮೇಲಿನ ಕೆಸರುನೀರನ್ನು ಬಿದಿರ ಪಟ್ಟಿಯಿಂದ ಒಂದು ಸುತ್ತು ಒರೆಸಿ, ವೇಗ 30ಕ್ಕೆ ಇಳಿಸಿ, ಒಳಗಿನಿಂದ ಬೆರಳಿನ ಆಸರೆ ಕೊಟ್ಟು ಹಲ್ಲು ತಾಗಿಸಬೇಕು. ಕೈ ಮೇಲೆ ಕೆಳಗೆ ಆಡಿಸಿದರೆ ಅಲೆ ಮೂಡುತ್ತದೆ. ಸುತ್ತು ಮುಗಿದು ಗೆರೆ ಗೆರೆಗೆ ಕೂಡುವಲ್ಲಿ ಹೊಂದುವುದಿಲ್ಲ. ಹೊಂದಿಸಲು ಹೆಣಗಬೇಡಿ, ಎರಡು ಅಲೆ ಒಂದರ ಮೇಲೊಂದು ಹಾಯಲಿ, ಕಣ್ಣಿಗೆ ಅದೇ ಚೆಂದ. ಆಳ 1 ಮಿ.ಮೀ. ಮೀರದಿರಲಿ. 5 ಮಿ.ಮೀ. ಗೋಡೆಗೆ 2 ಮಿ.ಮೀ. ಗೀರು ಬಿದ್ದರೆ ಒಣಗುವಾಗ ಅಲ್ಲಿಯೇ ಸೀಳುತ್ತದೆ.

ಲೇಪಕ್ಕೆ ತೊಗಲಿನ ಹದ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ತಗ್ಗು ಬೀಳಬಾರದು. ಬಿಳಿ ಲೇಪಕ್ಕೆ ಚೀನಾ ಮಣ್ಣು 50, ಬಾಲ್ ಕ್ಲೇ (ಜಿಗುಟು ಹೆಚ್ಚಿರುವ ನುಣುಪು ಜೇಡಿ) 40, ಸೀಸ ಬೆರೆಸದ ಫ್ರಿಟ್ (ಗಾಜಿನಂಥ) ಪುಡಿ 10 ಪಾಲು. ನೀರು ಕೂಡಿಸಿ ಮಜ್ಜಿಗೆಗಿಂತ ಗಟ್ಟಿ, ಮೊಸರಿಗಿಂತ ತೆಳು. ಚೀನಾ ಮಣ್ಣು ಕಡಿಮೆ ಕುಗ್ಗುತ್ತದೆ, ಬಾಲ್ ಕ್ಲೇ ಹೆಚ್ಚು. ಒಣಗುವಾಗಲೇ ಲೇಪ ಸಿಪ್ಪೆ ಏಳುತ್ತಿದ್ದರೆ ಪಾತ್ರೆ ಕುಗ್ಗಿದಷ್ಟು ಲೇಪ ಕುಗ್ಗುತ್ತಿಲ್ಲ, ಬಾಲ್ ಕ್ಲೇ ಐದು ಪಾಲು ಏರಿಸಿ. ಕೆರೆಯ ತಳದಂತೆ ಜಾಲ ಜಾಲವಾಗಿ ಬಿರಿದರೆ ಇಳಿಸಿ. ಸಂಡೂರು ಸೀಮೆಯ ಕೆಂಪು ಅದಿರು ಪುಡಿ ಬಣ್ಣಕ್ಕೆ ಸೊಗಸು, ಆದರೆ ಅದು ಕಲ್ಲಿನ ಪುಡಿ, ಅಂಟು ಇಲ್ಲ. ಹಾಗೇ ಬಳಿದರೆ ಸುಟ್ಟ ಮೇಲೂ ಕೈಗೆ ಕೆಂಪು ಹತ್ತುತ್ತದೆ. ಅದಿರು 1 ಪಾಲಿಗೆ ಸೋಸಿದ ಗೋಡು 4 ಪಾಲು ಬೆರೆಸಿದರೆ ನಿಲ್ಲುತ್ತದೆ. ಕಪ್ಪು ಗೆರೆಗೆ ಮ್ಯಾಂಗನೀಸ್ ಪುಡಿ ಹಾಕುವವರು ನೀರಿನಲ್ಲೇ ಅರೆಯಿರಿ, ಮೂಗಿಗೆ ಮಾಸ್ಕ್ ಇರಲಿ. ಆ ಧೂಳು ನರಗಳಿಗೆ ಕೆಟ್ಟದ್ದು. ಉಣ್ಣುವ ಪಾತ್ರೆಯ ಒಳಮೈಗಂತೂ ನಾನು ಅದನ್ನು ಮುಟ್ಟಿಸುವುದಿಲ್ಲ.

ಲೇಪ ಕೊರೆದು ಚಿತ್ರ ತೆಗೆಯುವ ಹದ ಎಲ್ಲಕ್ಕಿಂತ ಚಿಕ್ಕದು. ಬೇಸಿಗೆಯಲ್ಲಿ ಅರ್ಧ ತಾಸೂ ಸಿಗುವುದಿಲ್ಲ. ಬಳಿದ ಬಿಳಿಯ ಹೊಳಪು ಮಾಯವಾಗಿ ಮೈ ಮಬ್ಬಾದೊಡನೆ ಶುರು ಮಾಡಬೇಕು. ನನ್ನ ಕೊರೆಯುವ ಕಡ್ಡಿ ಸೈಕಲ್ ಚಕ್ರದ ಸ್ಪೋಕ್, ತುದಿ ಓರೆಯಾಗಿ ಉಜ್ಜಿದ್ದು. ಎಳೆದಾಗ ಮುಂದೆ ಏಳುವ ಮಣ್ಣನ್ನು ನೋಡಿ: ಅಂಟಂಟಾಗಿ ಗೆರೆಯ ಎರಡೂ ಬದಿಗೆ ದಡ ಕಟ್ಟಿದರೆ ಇನ್ನೂ ಹಸಿ, ಹಿಟ್ಟಿನಂತೆ ಉದುರಿ ಬಿಳಿಯಂಚು ಚಕ್ಕೆಯೇಳುತ್ತಿದ್ದರೆ ಹದ ದಾಟಿದೆ. ಬಡಗಿಯ ಉಜ್ಜುಗೊರಡಿನ ಹೊಟ್ಟಿನಂತೆ ಸಣ್ಣ ಸುರುಳಿ ಬಿಟ್ಟುಕೊಂಡರೆ ಸರಿ. ಆ ಸುರುಳಿಗಳನ್ನು ಕೈಯಿಂದ ಒರೆಸಲು ಹೋದರೆ ಕೆಂಪು ಮಣ್ಣು ಬಿಳಿಗೆ ಮೆತ್ತಿಕೊಂಡು ಚಿತ್ರ ಕೊಳೆಯಾಗುತ್ತದೆ. ಮರುದಿನ ಖಡಕ್ಕಾಗಿ ಒಣಗಿದ ಮೇಲೆ ಒಣ ಕುಂಚದಿಂದ ಜಾಡಿಸಿದರೆ ತಾವೇ ಉದುರುತ್ತವೆ.

ಹೊಳಪಿನ ನುಣ್ಣನೆಯ ಕೆಂಪಿಗೆ ಬೇರೆ ಲೇಪ. 1 ಕಿಲೋ ಒಣ ಕೆಮ್ಮಣ್ಣಿನ ಪುಡಿ, 3 ಲೀಟರ್ ನೀರು, 5 ಗ್ರಾಂ ಸೋಡಾ ಆ್ಯಶ್; ಮಣ್ಣಿನ ಕಣ ಬಿಡಿಬಿಡಿಯಾಗಲು ಇದು. ಬೋರ್‌ವೆಲ್ ನೀರು ಹಾಕಿ ಮೂರು ಸಲ ಕೆಡಿಸಿಕೊಂಡಿದ್ದೇನೆ. ಗಡಸು ನೀರಿನ ಸುಣ್ಣದಂಶ ಮಣ್ಣಿನ ಕಣಗಳನ್ನು ಮತ್ತೆ ಗುಂಪು ಕಟ್ಟಿಸುತ್ತದೆ, ಎಲ್ಲವೂ ಒಟ್ಟಿಗೆ ತಳಕ್ಕೆ ಇಳಿದು ಮೇಲೆ ಬರಿ ನೀರು ಉಳಿಯುತ್ತದೆ. ಮಳೆನೀರು ಅಥವಾ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬೇಕು. ಕಲಕಿ 20 ತಾಸು ಅಲುಗಾಡಿಸದೆ ಬಿಟ್ಟು, ಮೇಲಿನ ತೆಳು ಕೆಂಪನ್ನು ಮಾತ್ರ ಸಣ್ಣ ಪೈಪಿನಿಂದ ಇಳಿಸಿಕೊಳ್ಳಬೇಕು. 100 ಮಿ.ಲೀ. ತೂಗಿದರೆ 115 ಗ್ರಾಂ ಬರುವ ತನಕ ಬಿಸಿಲಲ್ಲಿಟ್ಟು ನೀರು ಹಾರಿಸುತ್ತೇನೆ. ಇದನ್ನು ಬಳಿಯುವುದು ಖಡಕ್ ಒಣಗಿದ ಪಾತ್ರೆಗೆ, ಮೆತ್ತನೆಯ ಅಗಲ ಕುಂಚದಿಂದ ಮೂರು ತೆಳು ಸುತ್ತು. ಹೊಳಪು ಆರಿದೊಡನೆ ಮೆತ್ತನೆ ಬಟ್ಟೆಯಿಂದ ತಿಕ್ಕಿದರೆ ಮಿಂಚು ಬರುತ್ತದೆ. ಒಂದೇ ಸುತ್ತಿಗೆ ದಪ್ಪ ಬಳಿದರೆ ಸಿಪ್ಪೆ.

ಹೊಳೆಗಲ್ಲಿನಿಂದ ಉಜ್ಜಿ ಹೊಳಪು ತರುವವರು ತೊಗಲಿನ ಹದ ದಾಟಿ, ಬಣ್ಣ ಬಿಳುಚುವ ಮೊದಲಿನ ಹೊತ್ತು ಹಿಡಿಯಬೇಕು. ಅವಸರಪಟ್ಟು ಹಸಿಯಲ್ಲೇ ಉಜ್ಜಿದರೆ ಮೊದಲು ಕನ್ನಡಿಯಂತೆ ಕಾಣುತ್ತದೆ, ಮಣ್ಣು ಮುಂದೆ ಕುಗ್ಗುವಾಗ ಮೈ ಮತ್ತೆ ಮಂಕಾಗುತ್ತದೆ.

ಆವಿಗೆಗೆ ಇಡುವ ಮುನ್ನ ಪಾತ್ರೆಯನ್ನು ಕೆನ್ನೆಗೆ ತಾಗಿಸಿ. ತಣ್ಣಗೆನಿಸಿದರೆ ಒಳಗೆ ನೀರಿದೆ, ಉಗಿಯಾಗಿ ಸಿಡಿಯುತ್ತದೆ. ಹತ್ತಿಕಟ್ಟಿಗೆ ಮತ್ತು ಸಗಣಿ ಕುಳ್ಳು ನನ್ನ ಉರುವಲು, ಮುಚ್ಚಿಗೆಗೆ ಗಂಗಾವತಿ ಗಿರಣಿಯ ಭತ್ತದ ಹೊಟ್ಟು. ಮೊದಲ 4-5 ತಾಸು ಬರಿ ಹೊಗೆ ಕಾವು, 120 ಡಿಗ್ರಿ ದಾಟಬಾರದು. 500ರಿಂದ 600 ಡಿಗ್ರಿ ನಡುವೆಯೂ ಅವಸರ ಬೇಡ; 573ರಲ್ಲಿ ಉಸುಕಿನ ಸ್ಫಟಿಕ ಒಮ್ಮೆಲೇ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಹೊಳಪಿನ ಪಾತ್ರೆಗೆ 800 ಸಾಕು. 900 ದಾಟಿದರೆ ಗಟ್ಟಿಯಾಗುತ್ತದೆ, ಮಿಂಚು ಹೋಗುತ್ತದೆ. ನಾನು ಕಾವು ಅಳೆಯುವ ಥರ್ಮೋಕಪಲ್ ಇಡುತ್ತೇನೆ. ಅದಿಲ್ಲದವರಿಗೆ ಕತ್ತಲಲ್ಲಿ ಇಣುಕಿದಾಗ ಕಾಣುವ ಕೆಂಡದ ಬಣ್ಣವೇ ಮಾಪಕ.

ಒಳಗೆ ಕಪ್ಪು, ಹೊರಗೆ ಕೆಂಪು ಬೇಕಿದ್ದರೆ ಬಟ್ಟಲಿನೊಳಗೆ ಹೊಟ್ಟು ತುಂಬಿ, ಬೂದಿಯ ಹಾಸಿನ ಮೇಲೆ ಬೋರಲು ಹಾಕಿ ಅಂಚು ಬೂದಿಯಲ್ಲಿ ಹೂಳಬೇಕು. ಗಾಳಿ ಸಿಗದ ಒಳಮೈ ಮತ್ತು ಬಾಯಿ ಇಂಗಾಲ ಹೀರಿ ಕಪ್ಪಾಗುತ್ತವೆ, ಹೊರಮೈ ಕೆಂಪಾಗುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರ ಉತ್ಖನನದಲ್ಲಿ ಸಿಕ್ಕ ಬೃಹತ್ ಶಿಲಾಯುಗದ ಮಡಿಕೆಗಳದ್ದೂ ಇದೇ ಕಪ್ಪು-ಕೆಂಪು ಜೋಡಿ. ಆವಿಗೆ ಬಿಚ್ಚಲು ಅವಸರ ಮಾಡಿದರೆ ಕಾದ ಪಾತ್ರೆಗೆ ಗಾಳಿ ತಾಗಿ ಇಂಗಾಲ ಉರಿದು, ಕಪ್ಪಿನ ನಡುವೆ ಕಂದು ತೇಪೆ ಬೀಳುತ್ತದೆ. 12 ತಾಸು ಮುಟ್ಟಬೇಡಿ.

ಸುಟ್ಟ ಹರವಿಗೆ ಅಂಗಡಿಯ ಅಕ್ರಿಲಿಕ್ ಬಳಿದು ಹೂವು ಬಿಡಿಸಿಕೊಡಿ ಎಂದು ಬೇಸಿಗೆ ಬಂದೊಡನೆ ಕೇಳುತ್ತಾರೆ. ಕುತ್ತಿಗೆಗೆ ಎರಡು ಬೆರಳಗಲ ಬೇಕಾದರೆ ಬಳಿಯಿರಿ, ಹೊಟ್ಟೆಗೆ ಬೇಡ. ಆ ಬಣ್ಣ ಮಣ್ಣಿನ ರಂಧ್ರ ಮುಚ್ಚುತ್ತದೆ. ನೀರು ಹೊರಮೈಗೆ ಜಿನುಗಿ ಆರಿದರೆ ತಾನೇ ಒಳಗೆ ತಂಪು? ಪೂರ್ತಿ ಬಣ್ಣ ಬಳಿದ ಹರವಿಯ ನೀರಿಗೂ ಪ್ಲಾಸ್ಟಿಕ್ ಕೊಡದ ನೀರಿಗೂ ಮಧ್ಯಾಹ್ನದ ಹೊತ್ತಿಗೆ ವ್ಯತ್ಯಾಸವೇ ಇರುವುದಿಲ್ಲ.