ಕಿಮೋದ ಮೊದಲ್ನೇ ಸಲಾಯಿನ್ ಏರೂದ್ರಾಗ ಗಂಡಸ್ರು ಮುಗಿಸ್ಕೋಬೇಕಾದ ಒಂದ್ ಕೆಲಸ

ನಮ್ಮ ಕಾಕಾನ ಮಗಗ ಹಾಡ್ಜ್‌ಕಿನ್ ಲಿಂಫೋಮಾ, ಅಂದ್ರ ದುಗ್ಧಗ್ರಂಥಿ ಕ್ಯಾನ್ಸರ್, ಅಂತ ರಿಪೋರ್ಟ್ ಬಂದಾಗ ಅವಗ 24 ವರ್ಷ. ಕುತ್ತಿಗ್ಯಾಗ ಗಂಟು ಅಂತ ಆಳಂದದಿಂದ ಕಲಬುರಗಿಗೆ ಬಂದಿದ್ದ, ಗುರುವಾರ ರಿಪೋರ್ಟ್, ಸೋಮವಾರ ಕಿಮೋ. ಕೂದಲಾ ಉದರ್ತಾವ, ವಾಂತಿ ಆಗ್ತದ, ಬಿಳಿ ರಕ್ತಕಣ ಇಳೀತಾವ ಅಂತ ದವಾಖಾನ್ಯಾಗ ಎಲ್ಲಾ ಹೇಳಿದ್ರು, ಮುಂದ ಮಕ್ಕಳಾಗೂ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ನಾವಾಗಿ ಕೇಳಿದ ಮ್ಯಾಲೆ "ಹೌದ್ರಿ, ವೀರ್ಯ ತೆಗೆದಿಡಬಹುದು" ಅಂದ್ರು. ಕೇಳಿರಲಿಲ್ಲಂದ್ರ?

ಅದಕ್ಕ ಮೊದಲ ಮಾಡೂದು ಇಷ್ಟ: ಕಿಮೋ ಚೀಟಿ ಮ್ಯಾಲಿನ ಔಷಧದ ಹೆಸರು ಒಂದ್ ಹಾಳ್ಯಾಗ ಬರ್ಕೊಂಡು "ಇದರಿಂದ ಮಕ್ಕಳಾಗೂದಕ್ಕ ತೊಂದ್ರಿ ಅದ ಏನ್ರಿ?" ಅಂತ ಡಾಕ್ಟರಿಗೆ ನೇರ ಕೇಳ್ರಿ. ಎಲ್ಲಾ ಔಷಧ ಒಂದ ನಮೂನಿ ಇರಂಗಿಲ್ಲ. ಸೈಕ್ಲೋಫಾಸ್ಫಮೈಡ್, ಐಫಾಸ್ಫಮೈಡ್, ಬುಸಲ್ಫಾನ್, ಮೆಲ್ಫಲಾನ್, ಪ್ರೊಕಾರ್ಬಜಿನ್ ಇವು ಭಾಳ ಬೆರಿಕಿ, ಡೋಸ್ ಏರಿದಂಗ ಕಾಟಾನೂ ಏರ್ತದ. ಸಿಸ್‌ಪ್ಲಾಟಿನ್ ನಡುವಿಂದು. ವಿನ್‌ಕ್ರಿಸ್ಟಿನ್, ಮೆಥೊಟ್ರೆಕ್ಸೇಟ್ ಅಷ್ಟ ಕಾಡಂಗಿಲ್ಲ. ಕಾರಣ ಏನಂದ್ರ ಕಿಮೋ ಔಷಧಕ್ಕ ಲಗೂ ಲಗೂ ಒಡದು ಬೆಳಿಯೂ ಕೋಶ ಕಂಡ್ರ ಬಿಡಂಗಿಲ್ಲ, ಕ್ಯಾನ್ಸರ್ ಕೋಶಾನೂ ಹಂಗ ಬೆಳೀತಾವ, ವೃಷಣದಾಗ ವೀರ್ಯಾಣು ತಯಾರಾಗೂ ಕೋಶಾನೂ ಹಂಗ ಬೆಳೀತಾವ. ಒಂದ್ ವೀರ್ಯಾಣು ತಯಾರಾಗ್ಲಿಕ್ಕೆ ಸುಮಾರು 74 ದಿನ ಬೇಕು, ಅದಕ್ಕ ಕಿಮೋ ಸುರು ಆಗಿ ಎರಡ್ ಮೂರ್ ತಿಂಗಳಿಗೆ ಕೌಂಟ್, ಅಂದ್ರ ವೀರ್ಯಾಣು ಎಣಿಕಿ, ನೆಲಾ ಹಿಡೀತದ. ವೀರ್ಯಾಣು ಹುಟ್ಟಿಸೂ ಬುಡದ ಕೋಶ ಉಳದಿದ್ರ ಮತ್ತ ಚಿಗೀತದ, ಅದ ಪೂರಾ ಸುಟ್ಟಿದ್ರ ಕೌಂಟ್ ಮರಳಿ ಬರಂಗಿಲ್ಲ.

ಇನ್ನೊಂದ್ ಮಾತು, ಗಂಡಸ್ರು ಬಾಯ್ಬಿಟ್ಟು ಕೇಳಂಗಿಲ್ಲ ಖರೆ ಮನಸ್ಸಿನ್ಯಾಗ ಇದ್ದೇ ಇರ್ತದ. ಗಂಡಸುತನದ ಹಾರ್ಮೋನ್ ಮಾಡೂ ಕೋಶ ಬ್ಯಾರೆ, ಅವು ಗಟ್ಟಿ, ಅಷ್ಟ ಸುಲಭಕ್ಕ ಸಾಯಂಗಿಲ್ಲ. ಹಂಗಾಗಿ ವೀರ್ಯಾಣು ಇಲ್ಲಂದ್ರೂ ಸಂಸಾರ ಮಾಡ್ಲಿಕ್ಕೆ ಹೆಚ್ಚಿನವರಿಗೆ ತೊಂದ್ರಿ ಬರಂಗಿಲ್ಲ. ಸುಸ್ತು, ಚಿಂತಿಗೆ ಸ್ವಲ್ಪ ದಿನ ಮನಸ್ಸೇ ಬರಂಗಿಲ್ಲ, ಅದು ಬ್ಯಾರೆ ಮಾತು.

ಡಾಕ್ಟರ್ ಹೂಂ ಅಂದ ಮ್ಯಾಲೆ ಐವಿಎಫ್ (ಪ್ರನಾಳ ಶಿಶು) ಸೆಂಟರ್‌ಗೆ ಫೋನ್ ಹಚ್ರಿ, ಸುಮ್ನ ಹೋಗಬ್ಯಾಡ್ರಿ, "ಕಿಮೋ ಪೇಷಂಟ್ ಅದಾನ, ವೀರ್ಯ ಫ್ರೀಜ್ ಮಾಡಿ ಇಡ್ತೀರೇನ್ರಿ, ವರ್ಷಕ್ಕ ಎಷ್ಟು?" ಅಂತ ಮೊದಲ ಕೇಳ್ರಿ. ಮಕ್ಕಳಾಗ್ಲಿಕ್ಕೆ ನೆರವಾಗೂ ಚಿಕಿತ್ಸಾಕ್ಕ ಅಂತ ಇರೂ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಆ ಸೆಂಟರ್ ರಿಜಿಸ್ಟರ್ ಆಗಿರಬೇಕು, ಅದನ್ನೂ ಕೇಳ್ರಿ. ಕಲಬುರಗಿಯಾಗ ಆಗ್ಲಿಲ್ಲಂದ್ರ ಸೊಲ್ಲಾಪುರ ಇಲ್ಲಾ ಹೈದ್ರಾಬಾದ್. ಆದ್ರ ತೀವ್ರ ಲ್ಯುಕೇಮಿಯಾದಂಥಾ (ರಕ್ತದ ಕ್ಯಾನ್ಸರ್) ರೋಗ ಇದ್ದು ಡಾಕ್ಟರ್ ಇವತ್ತೇ ಸುರು ಮಾಡ್ಬೇಕು ಅಂದ್ರ ವಾದ ಹಾಕಬ್ಯಾಡ್ರಿ.

ಸ್ಯಾಂಪಲ್ ಕೊಡೂದು ದೊಡ್ಡ ಕೆಲಸಲ್ಲ, ನಾಚಿಕಿನೇ ದೊಡ್ಡದು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ರಕ್ತ ಟೆಸ್ಟ್ ಮಾಡ್ತಾರ, ಸಹಿ ತಗೋತಾರ, ಆಮ್ಯಾಲೆ ಅಗಲ ಬಾಯಿ ಡಬ್ಬಿ ಕೊಟ್ಟು ಖೋಲಿ ತೋರಿಸ್ತಾರ. ನಮ್ಮ ಹುಡುಗಗ ಕೊಟ್ಟ ಖೋಲಿಗೆ ಚಿಲಕ ಸರಿ ಇರಲಿಲ್ಲ, ಅವ ಒಳಗ, ನಾ ಹೊರಗ ಬಾಗಿಲಾ ಹಿಡ್ಕೊಂಡು ನಿಂತೀನಿ, ಮ್ಯಾಲೆ ನರ್ಸಕ್ಕ ಬಂದು "ಯಾಕ್ರೀ ಅಣ್ಣಾ ಇಲ್ಲಿ ನಿಂತೀರಿ" ಅಂತ ಕೇಳಿದ್ಲು. ಸ್ಯಾಂಪಲ್ ಕೊಡೂಕಿಂತ ಮೊದಲ 2ರಿಂದ 5 ದಿನ ವೀರ್ಯ ಬಿಡದಂಗ ತಡ್ಕೊಂಡಿದ್ರ ಚಲೋ, ಟೈಮ್ ಇಲ್ಲಂದ್ರ ಒಂದ್ ದಿನ ಬಿಟ್ಟು ಇನ್ನೊಂದ್ ಕೊಡಬಹುದು, ಅವನೂ ಶುಕ್ರವಾರ ಒಂದು, ರವಿವಾರ ಒಂದು ಕೊಟ್ಟ. ಎಣ್ಣಿ, ಎಂಜಲ, ಸಾಬೂನ ಯಾವುದೂ ಹಚ್ಚಬ್ಯಾಡ್ರಿ, ವೀರ್ಯಾಣು ಕೆಡಬಹುದು. ಮನಿಯಿಂದ ತರೂದಿದ್ರ ಡಬ್ಬಿ ಅಂಗಿ ಒಳಗ ಮೈಗೆ ಹತ್ತಿ ಇರೂಹಂಗ ಇಟ್ಕೊಂಡು ಒಂದ್ ತಾಸಿನ್ಯಾಗ ಮುಟ್ಟಿಸ್ರಿ, ಬ್ಯಾಸಗಿ ಬಿಸಿಲಾಗ ಗಾಡಿ ಡಿಕ್ಕಿಯೊಳಗ ಇಡಬ್ಯಾಡ್ರಿ. ಮುಂದಿಂದು ಲ್ಯಾಬಿನವರದು, ಮೈನಸ್ 196 ಡಿಗ್ರಿ ದ್ರವ ಸಾರಜನಕದಾಗ ಇಡ್ತಾರ. ಕೌಂಟ್ ಕಮ್ಮಿ ಅಂದ್ರೂ ಎದಿ ಒಡಕೋಬ್ಯಾಡ್ರಿ, ರೋಗದಿಂದನೇ ಕಮ್ಮಿ ಇರ್ತದ, ಇಕ್ಸಿ, ಅಂದ್ರ ಲ್ಯಾಬಿನ್ಯಾಗ ಸೂಜಿಯಿಂದ ವೀರ್ಯಾಣು ಅಂಡದೊಳಗ ಇಳಸೂದು, ಮಾಡ್ಲಿಕ್ಕೆ ಒಂದ್ ಅಂಡಕ್ಕ ಒಂದ್ ವೀರ್ಯಾಣು ಸಾಕು.

ಇನ್ನೂ ಪ್ರಾಯಕ್ಕ ಬರದ ಹುಡುಗರಿಗೆ ಇದು ಆಗಂಗಿಲ್ಲ, ವೀರ್ಯಾಣುನೇ ಇರಂಗಿಲ್ಲ. ವೃಷಣದ ಚೂರು ತೆಗೆದಿಡೂದು ಇನ್ನೂ ಪ್ರಯೋಗದಾಗೇ ಅದ.

ಕಿಮೋ ಸುರು ಆದ ಮ್ಯಾಲೆ ವೀರ್ಯ ಇಡೂದು ಬ್ಯಾಡ, ವೀರ್ಯಾಣುವಿನ ಡಿಎನ್‌ಎ ಹಾಳಾಗಿರಬಹುದು. ಅದ ಕಾರಣಕ್ಕ ಕಿಮೋ ನಡದಾಗೆಲ್ಲಾ ಕಾಂಡೋಮ್, ಮುಗದ ಮ್ಯಾಲೂ ಡಾಕ್ಟರ್ ಹೇಳೂತನಕ ಹೆಂಡ್ತಿ ಬಸರಾಗಬಾರದು. ಕಿಮೋದಾಗ ಕೌಂಟ್ ಇಲ್ಲಂತ ಸಡಲ ಬಿಟ್ಟಾವ್ರು ಸಿಕ್ಕಾಕೊಂಡಾರ.

ಆಮ್ಯಾಲೆ ವರ್ಷಕ್ಕೊಮ್ಮೆ ವೀರ್ಯ ಟೆಸ್ಟ್ ಮಾಡಿಸ್ರಿ, ಕೆಲವರಿಗೆ ಕೌಂಟ್ ಮರಳಿ ಬರ್ಲಿಕ್ಕೆ ಎರಡ್ ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಹಿಡೀತದ. ನಮ್ಮವನಿಗೆ ಕೊಟ್ಟಿದ್ದು ಎಬಿವಿಡಿ ಅನ್ನೂ ನಾಕ್ ಔಷಧದ ಕಿಮೋ, ಅದು ಈ ವಿಷಯದಾಗ ಮೆತ್ತಗಿಂದು, ಎರಡ್ನೇ ವರ್ಷಕ್ಕ ಕೌಂಟ್ ಬಂತು. ಈಗ ಕಾಕಿ "ಇನ್ನ ಆ ವೀರ್ಯ ಇಟ್ಟ ಬ್ಯಾಂಕಿಗೆ ರೊಕ್ಕ ಯಾಕ ಕಟ್ಟೂದು" ಅಂತಾಳ, ಅವ ಮಾತ್ರ ಈ ವರ್ಷದ್ದೂ ಕಟ್ಟಿ ರಸೀದಿ ಟ್ರಂಕಿನ್ಯಾಗ ಇಟ್ಟಾನ.