ಹಳೇ ಪ್ರಿಂಟರಿನ ಕನ್ನಡಿಯಿಂದ ಕನ್ನಡಕವಿಲ್ಲದ ತ್ರೀಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಪ್ರಿಂಟರ್ ರಿಪೇರಿ ಅಂಗಡಿ. ಕೆಟ್ಟ ಲೇಸರ್ ಪ್ರಿಂಟರ್ ಬಿಚ್ಚಿದಾಗ ಒಳಗಿನ ಆರು ಮುಖದ ಪುಟ್ಟ ಕನ್ನಡಿ ಒಂದು ಡಬ್ಬಿಯಲ್ಲಿ ಎತ್ತಿಡುವುದು ನನ್ನ ರೂಢಿ. ಗರಗರ ತಿರುಗುತ್ತ ಲೇಸರ್ ಕಿರಣವನ್ನು ಡ್ರಮ್ಮಿನ ಮೇಲೆ ಅಡ್ಡ ಎಳೆಯುವುದು ಅದೇ.

ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯ ಟ್ರೈಲೈಟ್ ಕಂಪನಿಯ ಜೊತೆ 2015ರಲ್ಲಿ ತೋರಿಸಿದ, ಕನ್ನಡಕ ಬೇಡದ ತ್ರೀಡಿ ಪರದೆಯ ಬಗ್ಗೆ ಓದಿದ ದಿನ ಆ ಡಬ್ಬಿ ಹೊರಗೆ ಬಂತು. ಅದರ ಪಿಕ್ಸೆಲ್ ಎಂದರೆ ಲೇಸರ್ ಮತ್ತು ಅಲುಗುವ ಕನ್ನಡಿ. ಕಿರಣ ಎಡಗಣ್ಣಿನ ಕಡೆ ಹೊರಳಿದಾಗ ಒಂದು ಬೆಳಕು, ಬಲಗಣ್ಣಿನ ಕಡೆ ಹೊರಳಿದಾಗ ಇನ್ನೊಂದು. ಎಷ್ಟು ಮಂದಿ ಕೂತರೂ ಅವರವರ ನೋಟ ಅವರವರಿಗೆ. ಮೊದಲ ಮಾದರಿಯಲ್ಲಿ ಇದ್ದದ್ದು 5×3, ಬರೀ 15 ಪಿಕ್ಸೆಲ್. ನನ್ನಿಂದ ಎರಡಾದರೂ ಆಗಬೇಕು ಅನಿಸಿತು.

ಪ್ರಿಂಟರಿನೊಳಗಿನ ಲೇಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಅದನ್ನು ಮುಟ್ಟಬಾರದು. 650 ನ್ಯಾನೋಮೀಟರಿನ ಎರಡು ಕೆಂಪು ಲೇಸರ್ ತಂದೆ. ಎರಡು ಕನ್ನಡಿಗಳನ್ನು 5 ಸೆಂ.ಮೀ ಅಂತರದಲ್ಲಿ ಸಣ್ಣ ಮೋಟರಿಗೆ ಕೂರಿಸಿದೆ. ಮುಂದೆ ಅಡ್ಡಲಾಗಿ ಒಂದು ಗಾಜಿನ ಕಡ್ಡಿ: ಕಿರಣ ಮೇಲೆ ಕೆಳಗೆ ಹರಡುತ್ತದೆ, ಕುಳ್ಳಗಿದ್ದವರಿಗೂ ಎತ್ತರದವರಿಗೂ ಕಾಣುತ್ತದೆ.

ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 300 ಸಲ ಕಿರಣ ಬೀಸುತ್ತದೆ. ಒಂದು ಮೀಟರ್ ದೂರದಲ್ಲಿ ಎರಡು ಕಣ್ಣಿನ ನಡುವಿನ ಸುಮಾರು 6.3 ಸೆಂ.ಮೀ ದಾಟಲು ಅದಕ್ಕೆ 100 ಮೈಕ್ರೋಸೆಕೆಂಡ್ ಸಾಕು. ಅಷ್ಟರಲ್ಲಿ ಲೇಸರ್ ಹಚ್ಚಿ ಆರಿಸುವುದು ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಕ ಬೋರ್ಡಿಗೆ ದೊಡ್ಡ ಕೆಲಸವಲ್ಲ. ಎಲ್ಲಿಂದ ಎಣಿಸಬೇಕೆಂದು ಹೇಳಲು ಪ್ರಿಂಟರಿನದೇ ಬಿ.ಡಿ. (ಬೀಮ್ ಡಿಟೆಕ್ಟ್) ಸೆನ್ಸರ್ ಹಾಕಿದೆ, ಕಿರಣ ತಾಕಿದಾಗಲೆಲ್ಲ ಅದು ಒಂದು ಸಂಕೇತ ಕೊಡುತ್ತದೆ.

ಕಣ್ಣಿಡುವ ಜಾಗದಲ್ಲಿ ಮೊದಲು ಹಿಡಿದದ್ದು ಬಿಳಿ ಹಾಳೆ. ಕೆಂಪು ಪಟ್ಟಿ, ಕತ್ತಲು, ಮತ್ತೆ ಕೆಂಪು ಪಟ್ಟಿ, ಚೊಕ್ಕಾಗಿ ಬಂತು. ಹತ್ತು ನಿಮಿಷದಲ್ಲಿ ಪಟ್ಟಿಗಳೆಲ್ಲ ಅಂಗೈ ಅಗಲ ಸರಿದಿದ್ದವು! ಮೋಟರ್ ಕಾದಂತೆ ವೇಗ ಬದಲಾಗಿತ್ತು, ನಾನು ಮಾತ್ರ ಲೇಸರ್ ಹಚ್ಚಿ ಆರಿಸುವ ಕಾಲವನ್ನು ಬದಲಾಗದಂತೆ ಕಟ್ಟಿಟ್ಟಿದ್ದೆ. ಎರಡು ಸಂಕೇತಗಳ ನಡುವಿನ ಸಮಯವನ್ನು ಪ್ರತಿ ಸಲ ಅಳೆದು ಭಾಗಿಸುವಂತೆ ತಿದ್ದಿದ ಮೇಲೆ ಪಟ್ಟಿ ನಿಂತಿತು. ಅಂಚು ಈಗಲೂ ಎರಡೂವರೆ ಮಿ.ಮೀ ನಡುಗುತ್ತದೆ.

ಕಣ್ಣಿಡುವ ಮುಂಚೆ ಇನ್ನೊಂದು ಕೆಲಸ ಮುಗಿಸಿದೆ. ಕನ್ನಡಿ ನಿಂತರೆ ಕಿರಣ ಒಂದೇ ಕಡೆ ನೆಟ್ಟುಬಿಡುತ್ತದೆ, ಅದು ಯಾರದೋ ಕಣ್ಣಾಗಬಹುದು. 10 ಮಿಲಿಸೆಕೆಂಡ್ ಸಂಕೇತ ಬಾರದಿದ್ದರೆ ಲೇಸರ್ ಆರಲೇಬೇಕು. ಮೋಟರಿನ ವೈರ್ ಕಿತ್ತು ಕಿತ್ತು ಪರೀಕ್ಷಿಸಿದೆ. ಇದನ್ನು ಮಾಡದೆ ಯಾರೂ ಮುಂದೆ ಕೂರಬೇಡಿ.

ರಾತ್ರಿ ಶಟರ್ ಎಳೆದು ಅಕ್ಕನ ಮಗಳನ್ನು ಕೂರಿಸಿದೆ. ಎಡಗಣ್ಣಿಗೆ ಬಲಗಡೆಯ ಚುಕ್ಕಿ, ಬಲಗಣ್ಣಿಗೆ ಎಡಗಡೆಯದು.

"ಮಾಮಾ, ಎರಡಿಲ್ಲ, ಒಂದೇ ಅದ. ಹೊರಗ ಬಂದು ನಿಂತದ!"

ಕೈ ಚಾಚಿ ಗಾಳಿಯಲ್ಲಿ ಹಿಡಿಯಲು ಹೋದಳು. ಲೆಕ್ಕದಂತೆ ಚುಕ್ಕಿ ಕನ್ನಡಿಗಿಂತ ಸುಮಾರು 44 ಸೆಂ.ಮೀ ಮುಂದೆ ಕಾಣಬೇಕು. ಅವಳ ಬೆರಳು ಹೆಚ್ಚುಕಡಿಮೆ ಅಲ್ಲೇ ಇತ್ತು. ಪಕ್ಕದ ಪಟ್ಟಿಗಳಲ್ಲಿ ಕೂತ ನನಗೂ ನನ್ನದೇ ಚುಕ್ಕಿ ನನ್ನೆದುರೇ ತೇಲುತ್ತಿತ್ತು.

ಅಷ್ಟರಲ್ಲಿ ಅವಳು ತಲೆ ಸರಿಸಿದಳು. "ಅಯ್ಯ, ಗ್ವಾಡಿ ಆಚೆ ಹೋಯ್ತು ನೋಡ್ರಿ!" ಒಂದು ಪಟ್ಟಿ ಪಕ್ಕಕ್ಕಾದರೆ ಎಡಬಲ ಅದಲು ಬದಲು, ಮುಂದಿದ್ದದ್ದು ಹಿಂದೆ. ಇದನ್ನು ತಡೆಯಲು ಪಟ್ಟಿ ಸಣ್ಣದಾಗಬೇಕು, ಪ್ರತಿ ಪಟ್ಟಿಗೂ ಬೇರೆ ನೋಟ ಬೇಕು. ಈಗ ಅದನ್ನು 2 ಸೆಂ.ಮೀಗೆ ಇಳಿಸುತ್ತಿದ್ದೇನೆ, ಮೂರನೆಯ ಕನ್ನಡಿಗೂ ಮೋಟರ್ ಸಿಕ್ಕಿದೆ.