ಸಿಕಲ್ ಸೆಲ್ ಇದ್ದರೆ ಕಣ್ಣನ್ನು ನೋಡಿಕೊಳ್ಳುವುದು ಹೇಗೆ?

"ನನಗೆ ಚೆನ್ನಾಗಿಯೇ ಕಾಣುತ್ತದೆ, ಮತ್ತೆ ಕಣ್ಣಿನ ಟೆಸ್ಟ್ ಯಾಕೆ?" ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರು ಮೊದಲು ಬಿಡಬೇಕಾದ ಮಾತು ಇದು. ಕುಡಗೋಲಿನ ಹಾಗೆ ಬಾಗಿದ ಗಡುಸು ರಕ್ತಕಣಗಳು ಸಾಮಾನ್ಯವಾಗಿ ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಅಂಚಿನ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ನಡುಭಾಗ ಚೆನ್ನಾಗಿದ್ದರೆ ಬೋರ್ಡಿನ ಕೊನೆಯ ಸಾಲನ್ನೂ ಓದಿಬಿಡುತ್ತೀರಿ. ಅಷ್ಟರಲ್ಲಿ ಅಂಚಿನಲ್ಲಿ ರಕ್ತ ಸಿಗದ ಕಡೆ ಹೊಸ ನಾಳಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತಿರಬಹುದು. ಅವು ತುಂಬಾ ದುರ್ಬಲ. ಒಡೆದರೆ ಕಣ್ಣೊಳಗೆ ರಕ್ತ ತುಂಬುತ್ತದೆ, ಎಳೆದರೆ ರೆಟಿನಾ ಕಳಚಿಕೊಳ್ಳುತ್ತದೆ.

ಹಾಗಾಗಿ ಹತ್ತನೇ ವಯಸ್ಸಿನಿಂದಲೇ ತಪಾಸಣೆ ಶುರು ಮಾಡಿ, ಎಲ್ಲ ಸರಿ ಇದ್ದರೂ ಒಂದೆರಡು ವರ್ಷಕ್ಕೊಮ್ಮೆ ಮಾಡಿಸಿ. ಕನ್ನಡಕದ ನಂಬರ್ ನೋಡುವ ಟೆಸ್ಟ್ ಸಾಲದು. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ, ತಲೆಗೆ ಲೈಟ್ ಕಟ್ಟಿಕೊಂಡ ಡಾಕ್ಟರ್ "ಮೇಲೆ ನೋಡಿ, ಕೆಳಗೆ ನೋಡಿ, ಪಕ್ಕಕ್ಕೆ ನೋಡಿ" ಅನ್ನುತ್ತಾ ಅಂಚಿನವರೆಗೆ ನೋಡಬೇಕು. ಆಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜು, ಬೆಳಕು ಚುಚ್ಚುತ್ತದೆ. ಗಾಡಿ ಓಡಿಸಬೇಡಿ.

ನಿಮ್ಮದು ಯಾವ ಟೈಪ್ ಅಂತ ಹಳೆಯ ರಿಪೋರ್ಟ್ ತೆಗೆದು ನೋಡಿ. ಅಪ್ಪ ಅಮ್ಮ ಇಬ್ಬರಿಂದಲೂ ಸಿಕಲ್ ಜೀನ್ ಬಂದಿದ್ದರೆ ಎಸ್‌ಎಸ್; ಒಬ್ಬರಿಂದ ಸಿಕಲ್, ಇನ್ನೊಬ್ಬರಿಂದ ಹಿಮೋಗ್ಲೋಬಿನ್ 'ಸಿ' ಜೀನ್ ಬಂದಿದ್ದರೆ ಎಸ್‌ಸಿ. ಎಸ್‌ಸಿ ಟೈಪ್‌ನವರಿಗೆ ಮೈ ನೋವಿನ ಕಾಟ ಸಾಮಾನ್ಯವಾಗಿ ಎಸ್‌ಎಸ್‌ನವರಿಗಿಂತ ಕಡಿಮೆ, ಆದರೆ ಈ ಹೊಸ ನಾಳಗಳ ತೊಂದರೆ ಅವರಲ್ಲೇ ಜಾಸ್ತಿ. ವಿಚಿತ್ರ ಅಲ್ವಾ? ಆರಾಮಾಗಿದ್ದೇನೆ ಅಂತ ಟೆಸ್ಟ್ ತಪ್ಪಿಸುವವರೂ ಹೆಚ್ಚಾಗಿ ಇವರೇ ಇರಬೇಕು. ಇನ್ನು ಕಣ್ಣಿನ ಬಿಳಿ ಭಾಗ ಹಳದಿಯಾಗುವುದು ರಕ್ತಕಣ ಒಡೆಯುವುದರಿಂದ. ಅದನ್ನು ನೋಡಿ ರೆಟಿನಾದ ಸ್ಥಿತಿ ಹೇಳಲು ಆಗುವುದಿಲ್ಲ.

ಕಣ್ಣಿಗೆ ಚೆಂಡೋ ಮೊಣಕೈಯೋ ಬಡಿದರೆ ಮಾತ್ರ ಕಾಯಲೇಬೇಡಿ. ಕಪ್ಪು ಗುಡ್ಡೆಯ ಮುಂದೆ, ಕೆಳಭಾಗದಲ್ಲಿ ಕೆಂಪು ರಕ್ತ ಗೆರೆ ಎಳೆದಂತೆ ನಿಂತಿರಬಹುದು. ಬೇರೆಯವರಿಗೆ ಇದು ಬಹಳ ಸಲ ತಾನಾಗಿಯೇ ಕರಗುತ್ತದೆ, ನಿಮಗೆ ಬಾಗಿದ ಕಣಗಳು ಕಣ್ಣೊಳಗಿನ ನೀರು ಹರಿದುಹೋಗುವ ದಾರಿಯನ್ನೇ ಕಟ್ಟಿ ಅಲ್ಲಿನ ಒತ್ತಡ ಏರಿಸುತ್ತವೆ, ಆ ಒತ್ತಡ ಸ್ವಲ್ಪವೇ ಏರಿದರೂ ಕಣ್ಣಿನ ನರಕ್ಕೆ ಪೆಟ್ಟು. ಸಿಕಲ್ ಟ್ರೇಟ್ ಮಾತ್ರ ಇರುವವರಿಗೂ (ಒಬ್ಬರಿಂದ ಮಾತ್ರ ಸಿಕಲ್ ಜೀನ್ ಬಂದಿದ್ದು, ಕಾಯಿಲೆ ಇಲ್ಲದವರು) ಈ ಅಪಾಯ ಇದೆ. ತಲೆ ಎತ್ತರದಲ್ಲಿಟ್ಟು, ಕಣ್ಣು ಉಜ್ಜದೆ, ಆಸ್ಪಿರಿನ್ ನುಂಗದೆ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಮೊದಲ ಮಾತೇ "ನನಗೆ ಸಿಕಲ್ ಇದೆ" ಅಂತಿರಲಿ. ಒತ್ತಡ ಇಳಿಸಲು ಸಾಮಾನ್ಯವಾಗಿ ಕೊಡುವ ಅಸೆಟಜೋಲಮೈಡ್ ಮಾತ್ರೆ ಕಣಗಳು ಇನ್ನಷ್ಟು ಬಾಗುವಂತೆ ಮಾಡಬಹುದು.

ಇದ್ದಕ್ಕಿದ್ದಂತೆ ಒಂದು ಕಣ್ಣು ಕತ್ತಲಾದರೆ, ನೋವಿಲ್ಲದಿದ್ದರೂ ಸರಿ, ತಕ್ಷಣ ಓಡಿ. ಪರದೆ ಇಳಿದಂತೆ ಕಂಡರೆ, ಕಪ್ಪು ಚುಕ್ಕೆಗಳ ಮಳೆ ಸುರಿದರೆ, ನೋವಿನ ಕ್ರೈಸಿಸ್ (ಸಿಕಲ್ ಇರುವವರಿಗೆ ಇದ್ದಕ್ಕಿದ್ದಂತೆ ಬರುವ ತೀವ್ರ ಮೈ ನೋವು) ನಡುವೆ ರೆಪ್ಪೆ ಊದಿ ಗುಡ್ಡೆ ಮುಂದೆ ಬಂದರೆ ಕೂಡ.

ಹೊಸ ನಾಳ ಕಂಡಿತು ಅಂತ ಎಲ್ಲರಿಗೂ ಲೇಸರ್ ಬೇಕಾಗುವುದಿಲ್ಲ, ಕೆಲವು ತಾವಾಗಿಯೇ ಮುರುಟಿಹೋಗುತ್ತವೆ. ಬೇಕಾದರೆ ಲೇಸರ್, ಕೆಲವೊಮ್ಮೆ ಇಂಜೆಕ್ಷನ್. ರಕ್ತ ಕರಗದಿದ್ದರೆ ಅಥವಾ ರೆಟಿನಾ ಕಳಚಿದರೆ ಆಪರೇಷನ್. ಆಪರೇಷನ್‌ಗೆ ಮುಂಚೆ ನಿಮ್ಮ ರಕ್ತದ ಡಾಕ್ಟರ್ ಮತ್ತು ಕಣ್ಣಿನ ಡಾಕ್ಟರ್ ಪರಸ್ಪರ ಮಾತಾಡುವಂತೆ ನೋಡಿಕೊಳ್ಳಿ.

ಪದೇಪದೇ ರಕ್ತ ಹಾಕಿಸಿಕೊಂಡು ಕಬ್ಬಿಣದಂಶ ಇಳಿಸಲು ಡೆಫೆರಾಸಿರಾಕ್ಸ್ ಅಥವಾ ಡೆಫೆರಾಕ್ಸಮಿನ್ ತಗೊಳ್ಳುವವರು ವರ್ಷಕ್ಕೊಮ್ಮೆ ಕಣ್ಣಿನ ಜೊತೆ ಕಿವಿಯನ್ನೂ ತೋರಿಸಿ. ಆ ಔಷಧಿಗಳು ಎರಡಕ್ಕೂ ತೊಂದರೆ ಕೊಡಬಲ್ಲವು.